ಎರಡು ವಿದ್ಯಾಪೀಠ, ಒಂದು ಹೆಗಲ ವಸ್ತ್ರ

ವಿಜಾಪುರ ಸ್ಟೇಶನ್

ವಿಲಾಯತಿಗೆ ಹೋಗಿ ಬಂದವರು ಊರಿಗೆ ಬಂದ ಮೇಲೆ ಮೊದಲು ಹೇಳುವುದು ಅಲ್ಲಿಯ ಚಳಿಯ ಸುದ್ದಿ. ಚಳಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನನ್ನು ಅಲ್ಲಿ ಕಾಡಿದ್ದು ಚಳಿಯಲ್ಲ, ಒಂದು ಪ್ರಶ್ನೆ. "ನೀವು ಯಾವ ವಿದ್ಯಾಪೀಠದವರು?" ಎಂದು ಹಡಗು ಹತ್ತಿದ ದಿನವೇ ಒಬ್ಬರು ಕೇಳಿದರು. ಇಳಿದ ಮೇಲೂ ಸಿಕ್ಕಸಿಕ್ಕವರೆಲ್ಲ ಅದನ್ನೇ ಕೇಳಿದರು. ಹೆಸರು ಕೇಳುವುದು ಆಮೇಲೆ.

ನಾನು ಕಾಖಂಡಕಿಯವಳು, ಹೆಸರು ಕಮಲಾ. ವಿಜಾಪುರದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ಅಪ್ಪ ಚನ್ನಪ್ಪ ಎತ್ತಿನ ದಲಾಲ. ಅವನ ಕಸುಬನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ವಿಲಾಯತಿಯಲ್ಲಿ ನನಗೆ ಒದಗಿ ಬಂದ ವಿದ್ಯೆ ಅದೇ. ನಮ್ಮ ದನದ ಸಂತೆಯಲ್ಲಿ ಬಾಯಿಬಿಟ್ಟು ಯಾರೂ ಬೆಲೆ ಹೇಳುವುದಿಲ್ಲ. ದಲಾಲ ಹೆಗಲ ಮೇಲಿನ ವಸ್ತ್ರ ತೆಗೆದು ಕೈಮೇಲೆ ಹರವುತ್ತಾನೆ. ಅದರ ಕೆಳಗೆ ಮಾರುವವನ ಕೈ ಒಮ್ಮೆ, ಕೊಳ್ಳುವವನ ಕೈ ಒಮ್ಮೆ ಹಿಡಿಯುತ್ತಾನೆ. ಎಷ್ಟು ಬೆರಳು ಅದುಮಿದರೆ ಬೆಲೆ ಅಷ್ಟು. ಮೇಲೆ ಬಾಯಲ್ಲಿ ಹೊಗಳಿಕೆ, ಬೈಗುಳ, ಆಣೆ ಪ್ರಮಾಣ ಏನೇ ನಡೆದಿರಲಿ, ನಿಜವಾದ ಮಾತು ಕೆಳಗೆ ನಡೆಯುತ್ತದೆ. ದಲಾಲ ಇಬ್ಬರನ್ನೂ ಕೂಡಿಸಿ ವ್ಯವಹಾರ ಮುಗಿಸುತ್ತಾನೆ, ಆದರೆ ಯಾರು ಎಷ್ಟಕ್ಕೆ ಇಳಿದರು, ಎಷ್ಟಕ್ಕೆ ಏರಿದರು ಎಂದು ಸಾಯುವವರೆಗೆ ಹೇಳುವುದಿಲ್ಲ. ಹೇಳಿದರೆ ಅವನ ವಸ್ತ್ರದ ಕೆಳಗೆ ಮತ್ತೆ ಯಾರೂ ಕೈ ಇಡುವುದಿಲ್ಲ.

ಈ ಬೆರಳಿನ ಲೆಕ್ಕವನ್ನು ಅಪ್ಪ ನನಗೆ ಮನೆಯ ಅಂಗಳದಲ್ಲಿ ಆಟವಾಗಿ ಕಲಿಸಿದ್ದ. ನನ್ನ ಗಣಿತ ಶುರುವಾದದ್ದು ಅಲ್ಲಿಂದಲೇ. ಹತ್ತು ವರ್ಷದವಳಿದ್ದಾಗ ಬಬಲೇಶ್ವರದ ಸಂತೆಯಲ್ಲಿ ಉಮೇದಿನಿಂದ ನಾನೂ ಅವನ ವಸ್ತ್ರದ ಕೆಳಗೆ ಕೈ ತೂರಿಸಿದೆ. ಅಪ್ಪ ಮಣಿಕಟ್ಟು ಹಿಡಿದು ಮೆಲ್ಲಗೆ ಹೊರಗೆ ತೆಗೆದ. "ಹೆಣ್ಣಮಕ್ಕಳ ಕೈ ಇದರಾಗ ಬರಂಗಿಲ್ಲವಾ" ಎಂದ. ಬೈದಿದ್ದರೆ ಮರೆಯುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದ್ದಕ್ಕೆ ತಿಂಗಳುಗಟ್ಟಲೆ ಸಿಟ್ಟಿನಲ್ಲಿದ್ದೆ.

ನಯಾಪೈಸೆ ಬಂದು ಮೂರ್ನಾಲ್ಕು ವರ್ಷವಾಗಿದ್ದಾಗ ಇಂಗ್ಲೆಂಡಿನ ಒಂದು ಗಿರಣಿ ಊರಿನ ವಿದ್ಯಾಪೀಠದಲ್ಲಿ ಒಂದು ವರ್ಷ ಓದಲು ನನಗೆ ವಿದ್ಯಾರ್ಥಿವೇತನ ಸಿಕ್ಕಿತು. ಸ್ಟೇಶನ್ನಿಗೆ ಕಾಲೇಜಿನ ಅಧ್ಯಕ್ಷರು ಬಂದಿದ್ದರು. ಅವರು ಹತ್ತಿಯ ಅಡತಿ ಅಂಗಡಿಯವರು, ನಿಡೋಣಿಯಲ್ಲಿ ಹೊಲ ಉಳ್ಳವರು. ಎಲ್ಲರೂ ಅವರನ್ನು ಸಾವಕಾರರು ಎನ್ನುತ್ತಿದ್ದರು. ನಮ್ಮ ಕಾಲೇಜಿನ ಬಾಗಿಲಲ್ಲಿ ಒಂದು ಕರಿ ಹಲಗೆ ಇದೆ. ಅದರ ಮೇಲೆ ಕಲಿಸುವವರ ಹೆಸರು, ಪದವಿ, ಪದವಿ ಕೊಟ್ಟ ಊರು ಎಲ್ಲ ಬಿಳಿ ಬಣ್ಣದಲ್ಲಿ ಬರೆಸಿದೆ. ಪುಣೆಯಲ್ಲಿ ಓದಿದವರು ಮೇಲೆ, ಧಾರವಾಡದಲ್ಲಿ ಓದಿದವರು ಕೆಳಗೆ. ನಾನು ಎಲ್ಲರಿಗಿಂತ ಕೆಳಗೆ, ಸುಣ್ಣದ ಗೋಡೆಗೆ ತಾಗಿ. ಸಾವಕಾರರಿಗೆ ಆ ಹಲಗೆಯ ಮೇಲೆ ವಿಲಾಯತಿಯ ಹೆಸರೊಂದು ಬೇಕಾಗಿತ್ತು.

"ವರ್ಷಾದ ಮ್ಯಾಲ ಆ ಎರಡು ದೊಡ್ಡ ವಿದ್ಯಾಪೀಠದಾಗ ಯಾವದರಾಗರ ಜಾಗಾ ಹಿಡೀರಿ, ರಜಾ ಬೆಳಸೂಣು" ಎಂದರು ಹಾರ ಹಾಕುತ್ತ. "ಸಿಗಲಿಲ್ಲಂದ್ರ ಬಂದು ಪಾಠ ಹಿಡೀರಿ. ಗಿರಣಿ ಊರಿನ ಹೆಸರು ಹಲಗಿ ಮ್ಯಾಲ ಬರದ್ರ ಮಂದಿ ನಗತಾರ ನೋಡ್ರಿ."

ಅಪ್ಪ ಹೆಗಲ ವಸ್ತ್ರ ತೆಗೆದು ನನ್ನ ಟ್ರಂಕಿನ ಧೂಳು ಒರೆಸಿ, ಗಾಡಿ ಬಿಡುವವರೆಗೆ ಕಿಟಕಿಯ ಹತ್ತಿರ ನಿಂತಿದ್ದ.

ಹಡಗು

ಮುಂಬಯಿಯಿಂದ ಹೊರಟ ಮೂರು ದಿನ ನಾನು ತಲೆ ಎತ್ತಲಿಲ್ಲ. ನಾಲ್ಕನೆಯ ದಿನ ಊಟದ ಮನೆಗೆ ಬಂದು ನೋಡಿದರೆ ಅಲ್ಲಿ ನಮ್ಮವರೇ ಇಬ್ಬರು ಗೃಹಸ್ಥರು ಬೆನ್ನಿಗೆ ಬೆನ್ನು ಮಾಡಿ ಬೇರೆ ಬೇರೆ ಮೇಜಿಗೆ ಕುಳಿತಿದ್ದರು. ಒಬ್ಬರು ಇಂಗ್ಲೆಂಡಿನ ಮೂಡಣ ದಿಕ್ಕಿನ ಹಳೆಯ ವಿದ್ಯಾಪೀಠದಲ್ಲಿ ಓದಿದವರು, ಇನ್ನೊಬ್ಬರು ಪಡುವಣ ದಿಕ್ಕಿನ ಹಳೆಯ ವಿದ್ಯಾಪೀಠದಲ್ಲಿ. ಇಬ್ಬರೂ ಮುಂಬಯಿಯಲ್ಲಿ ಒಂದೇ ಓಣಿಯವರಂತೆ. ನನಗೆ ಸಲಹೆ ಕೊಡುವುದರಲ್ಲಿ ಮಾತ್ರ ಇಬ್ಬರೂ ಒಂದೇ: ತಮ್ಮಲ್ಲಿಗೇ ಹೋಗಬೇಕು, ಆ ಇನ್ನೊಂದು ಜಾಗಕ್ಕೆ ಹೋಗಕೂಡದು.

ಆ ಇನ್ನೊಂದು ಜಾಗ. ಹಾಗೆಯೇ ಕರೆಯುತ್ತಾರೆ. ಎರಡೂ ಕಡೆಯವರು ಎದುರು ಪಕ್ಷದ ಹೆಸರನ್ನು ಬಾಯಿಂದ ಆಡುವುದಿಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳದೆ ಅವರು, ಇವರು ಎಂದು ಸುತ್ತುವರಿದು ಮಾತಾಡುವುದನ್ನು ಈ ಇಬ್ಬರೂ ಹಿಂದುಳಿದ ರೂಢಿ ಎಂದು ನನ್ನೆದುರೇ ಹಳಿದಿದ್ದರು. ನಾನೂ ಇಲ್ಲಿ ಆ ಎರಡರ ಹೆಸರು ಬರೆಯುವುದಿಲ್ಲ. ಬರೆದರೆ ಯಾವುದಾದರೂ ಒಂದನ್ನು ಮೊದಲು ಬರೆಯಬೇಕಾಗುತ್ತದೆ, ಆಗ ಎರಡನೆಯ ಕಡೆಯವರು ನನಗೆ ಕಾಗದ ಬರೆಯುತ್ತಾರೆ. ಮೂಡಣದ್ದು, ಪಡುವಣದ್ದು ಎಂದರೆ ಸಾಕು.

ಅವರ ವಾದ ಕೇಳುತ್ತ ನನಗೆ ಬಬಲೇಶ್ವರದ ಸಂತೆ ನೆನಪಾಯಿತು. ತಿಕೋಟೆ ಕಡೆಯ ಎತ್ತು ಹೆಚ್ಚೋ ಬಬಲೇಶ್ವರದ ಎತ್ತು ಹೆಚ್ಚೋ ಎಂದು ಅಲ್ಲಿ ಬೇವಿನ ಗಿಡದ ಕೆಳಗೆ ಸೂರ್ಯ ನೆತ್ತಿಗೆ ಬರುವವರೆಗೆ ಜಗಳ ನಡೆಯುತ್ತದೆ. ಅಪ್ಪ ಆ ಜಗಳಕ್ಕೆ ಬಾಯಿ ಹಾಕಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಕೇಳಿದ್ದಕ್ಕೆ, ಎತ್ತಿನ ಊರು ಕೇಳಿ ತಾನೇನು ಮಾಡಲಿ, ಉಳುವವನ ಹೊಲ ಎಂಥದ್ದೆಂದು ಕೇಳುತ್ತೇನೆ ಎಂದಿದ್ದ. ಅದು ಆಗ ನನಗೆ ಜಾರಿಕೊಳ್ಳುವ ಮಾತು ಎನ್ನಿಸಿತ್ತು.

ಗಿರಣಿ ಊರು

ನಾನು ಇಳಿದ ಊರು ಉಣ್ಣೆಯ ಗಿರಣಿಗಳದ್ದು. ಗೋಡೆಗಳೆಲ್ಲ ಹೊಗೆಯಿಂದ ಕಪ್ಪು, ನಮ್ಮ ಅಡಿಗೆ ಮನೆಯ ತೊಲೆಯ ಬಣ್ಣ. ಜನರ ಮಾತು ಪುಸ್ತಕದ ಇಂಗ್ಲಿಷಲ್ಲ. ಮೊದಲ ವಾರ ಒಂದು ಮಾತೂ ತಿಳಿಯದೆ ನಾನು ಓದಿದ್ದೆಲ್ಲ ಸುಳ್ಳೇ ಎಂದು ಅಳು ಬಂದಿತ್ತು. ಆಮೇಲೆ ತಿಳಿಯಿತು, ರಾಜಧಾನಿಯವರಿಗೂ ಅದು ತಿಳಿಯುವುದಿಲ್ಲವಂತೆ. ಧಾರವಾಡಕ್ಕೆ ಓದಲು ಹೋದಾಗ ನನ್ನ ಕಾಖಂಡಕಿ ಮಾತು ಕೇಳಿ ನಕ್ಕ ಹುಡುಗಿಯರು ನೆನಪಾಗಿ ಈ ಊರಿನ ಮೇಲೆ ಪ್ರೀತಿ ಹುಟ್ಟಿತು.

ನನಗೆ ಕೋಣೆ ಕೊಟ್ಟವಳು ಮಿಸೆಸ್ ಹಾರ್ಟ್ಲಿ ಎಂಬ ವಿಧವೆ. ನಾನು ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯಲ್ಲಿ ಎರಡನ್ನು ಶೇಂಗಾ ಚಟ್ನಿಯ ಜೊತೆ ಅವಳಿಗೆ ಕೊಟ್ಟೆ. ಅವಳು ಬಹಳ ಸಂತೋಷಪಟ್ಟಳು. ಮರುದಿನ ಚಹಕ್ಕೆ ಕರೆದಾಗ ನೋಡುತ್ತೇನೆ, ಒಂದು ರೊಟ್ಟಿ ಬಿಸಿ ಕಿಟಲಿಯ ಕೆಳಗೆ ಇದೆ, ಮೇಜಿಗೆ ಕಲೆಯಾಗಬಾರದೆಂದು. ಇನ್ನೊಂದನ್ನು ಗೋಡೆಗೆ ತೂಗುಹಾಕಲು ಮೊಳೆ ಹುಡುಕುತ್ತಿದ್ದಳು. ಚಟ್ನಿ ಮಾತ್ರ ಡಬ್ಬಿ ಕೆರೆದು ತಿಂದಿದ್ದಳು. ಅದು ತಿನ್ನುವ ವಸ್ತು ಎಂದು ನಾನು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಕಿಟಲಿಯ ಶಾಖಕ್ಕೆ ರೊಟ್ಟಿ ಇನ್ನೂ ರುಚಿಯಾಗಿತ್ತು.

ಇಲ್ಲಿಯ ಪ್ರೊಫೆಸರ್ ಕ್ಲೆಗ್ ಗಿರಣಿ ಕೆಲಸಗಾರನ ಮಗ. ತೋಳಿಗೆ ತೇಪೆ ಹಾಕಿದ ಕೋಟು ತೊಟ್ಟು ಪಾಠ ಹೇಳುತ್ತಿದ್ದರು. ಅವರು ಹತ್ತು ವರ್ಷದಿಂದ ಒಂದೇ ಲೆಕ್ಕಕ್ಕೆ ಜೋತುಬಿದ್ದಿದ್ದರು: ಉಣ್ಣೆಯೊಳಗೆ ಬಣ್ಣದ ನೀರು ಹೇಗೆ ಇಳಿಯುತ್ತದೆ. ಉಣ್ಣೆ ನೆನೆದರೆ ಉಬ್ಬುತ್ತದೆ, ಉಬ್ಬಿದರೆ ನೀರಿನ ದಾರಿ ಮುಚ್ಚುತ್ತದೆ. ಹೋಗುವ ನೀರೇ ತನ್ನ ದಾರಿಯನ್ನು ಬದಲಿಸುತ್ತದೆ. ಅದನ್ನು ಹಲಗೆಯ ಮೇಲೆ ಬರೆದ ದಿನ ನನಗೆ ಮೈ ಜುಮ್ಮೆಂದಿತು.

ಯಾಕೆಂದರೆ ಅದು ನಮ್ಮ ಎರೆಹೊಲ, ಕರಿಮಣ್ಣಿನ ಹೊಲ. ಬೇಸಿಗೆಯಲ್ಲಿ ಡೋಣಿ ಹೊಳೆಯ ದಂಡೆಯ ಎರೆ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಂದರೆ ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮಳೆ ನಿಂತ ಮೇಲೆ ನಮ್ಮ ರೈತರು ಕೋಲು ಚುಚ್ಚಿ ಹಸಿ ಎಷ್ಟು ಇಳಿದಿದೆ ಎಂದು ನೋಡಿ ಜೋಳ ಬಿತ್ತುತ್ತಾರೆ. ಒಂದು ವಾರ ಹೆಚ್ಚು ಕಡಿಮೆಯಾದರೆ ವರ್ಷದ ಬೆಳೆ ಹೋದಂತೆ. ಆ ಹಸಿ ಯಾವಾಗ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಲೆಕ್ಕದಿಂದ ಹೇಳಬೇಕು ಎನ್ನುವುದೇ ನಾನು ಊರಿನಿಂದ ಹೊತ್ತು ತಂದ ಹಟ. ಕ್ಲೆಗ್ ಅವರಿಗೆ ಹೇಳಿದೆ. ಅವರು ಚಾಕ್ ಕೆಳಗಿಟ್ಟು, ಆ ಮಣ್ಣಿನ ಬಗ್ಗೆ ಗಂಟೆಗಟ್ಟಲೆ ಕೇಳಿದರು. ಕೊನೆಗೆ, ಇಲ್ಲಿಯೇ ಇದ್ದು ಸಂಶೋಧನೆ ಮಾಡುವುದಾದರೆ ನಾಳೆಯಿಂದಲೇ ಮೇಜು ಕೊಡುತ್ತೇನೆ ಎಂದರು.

ನಾನು ಹೂಂ ಎನ್ನಲಿಲ್ಲ. ಸಾವಕಾರರ ಹಲಗೆ ಕಣ್ಣ ಮುಂದೆ ಬಂತು. ಆ ಎರಡರಲ್ಲಿ ಒಂದಾದರೆ ರಜೆ, ಇಲ್ಲಿಯೇ ನಿಂತರೆ ನೌಕರಿ ಹೋಗುತ್ತದೆ. ಸುಳ್ಳೇಕೆ ಹೇಳಲಿ, ನನಗೂ ಆಸೆಯಿತ್ತು. ಗೋಡೆಗೆ ಹತ್ತಿಕೊಂಡಿದ್ದ ನನ್ನ ಹೆಸರು ಪುಣೆಯವರ ಮೇಲೆ ಹತ್ತುವುದನ್ನು ಒಂದು ಸಲ ನೋಡಬೇಕಾಗಿತ್ತು. ಎರಡೂ ಕಡೆ ಅರ್ಜಿ ಹಾಕಿದೆ. ವಸಂತದಲ್ಲಿ ಎರಡೂ ಕಡೆಯಿಂದ ಕರೆ ಬಂತು.

ಪಡುವಣದ ಊರು

ಗೋಪುರಗಳು, ಗಂಟೆಗಳು, ಕರಿ ಗೌನು ತೊಟ್ಟು ಸೈಕಲ್ಲಿನ ಮೇಲೆ ಹಾರುವ ಹುಡುಗರು. ಊರು ಚೆಂದವಿತ್ತು. ಗೋಳಗುಮ್ಮಟದ ನೆರಳಿನಲ್ಲಿ ಬೆಳೆದವಳಿಗೆ ಹಳೆಯ ಕಲ್ಲು ನೋಡಿದರೆ ಬೆರಗಾಗುವುದಿಲ್ಲ, ಆದರೆ ಇಲ್ಲಿ ಹಳೆಯ ಕಲ್ಲಿನೊಳಗೆ ಇನ್ನೂ ಪಾಠ ನಡೆಯುತ್ತಿತ್ತು. ಅದಕ್ಕೆ ನನಗೆ ಹೊಟ್ಟೆಕಿಚ್ಚಾಯಿತು.

ಸಂದರ್ಶನಕ್ಕೆ ಹೊತ್ತಾಗುತ್ತಿದೆ ಎಂದು ನಾನು ಅಂಗಳದ ಹುಲ್ಲಿನ ಮೇಲೆ ಅಡ್ಡ ಹಾಯ್ದೆ. ನಡುವೆ ತಲುಪಿರಲಿಲ್ಲ, ದುಂಡು ಟೋಪಿಯ ದ್ವಾರಪಾಲಕ ಓಡಿ ಬಂದ. ಈ ಹುಲ್ಲಿನ ಮೇಲೆ ಹಿರಿಯ ಪ್ರಾಧ್ಯಾಪಕರು ಮಾತ್ರ ನಡೆಯಬಹುದಂತೆ. ನಾನು ತಪ್ಪಾಯಿತೆಂದು ಬಂದ ದಾರಿಯಲ್ಲೇ ಹಿಂದೆ ತಿರುಗಿದೆ. ಅವನಿಗೆ ಅದೂ ಸಮಾಧಾನವಿಲ್ಲ, ಎರಡು ಸಲ ತುಳಿದಂತಾಯಿತಲ್ಲ. ಕಾಖಂಡಕಿಯ ಕುರುಬರು ಈ ಅಂಗಳ ಕಂಡರೆ ಏನಂದಾರೆಂದು ನೆನೆದು ನನಗೆ ನಗು ಬಂತು. ಇಷ್ಟು ಹುಲ್ಲು, ಒಂದು ಕುರಿಯಿಲ್ಲ.

ಒಳಗೆ ಡಾಕ್ಟರ್ ಪಿಮ್ ಎಂಬ ಹಿರಿಯರಿದ್ದರು. ಒಳ್ಳೆಯ ಮನುಷ್ಯ, ತಾವೇ ಚಹ ಸುರಿದು ಕೊಟ್ಟರು. ನನ್ನ ಲೆಕ್ಕವನ್ನು ಕೇಳಿ ಚೆನ್ನಾಗಿದೆ ಎಂದರು. ಆಮೇಲೆ ಒಂದು ದಪ್ಪ ಪುಸ್ತಕ ತೆಗೆದು ಪುಟ ತಿರುವಿದರು. ಹೊರದೇಶದ ಯಾವ ಪದವಿಗಳನ್ನು ತಾವು ಪದವಿ ಎಂದು ಎಣಿಸುತ್ತೇವೆ ಎಂಬ ಯಾದಿ ಅದು. ಧಾರವಾಡ ಅದರಲ್ಲಿ ಇರಲಿಲ್ಲ. ನಾನು ಇಲ್ಲಿಗೆ ಬರಬಹುದು, ಆದರೆ ಹೊಸದಾಗಿ ಕಾಲೇಜು ಸೇರಿದ ಹದಿನೆಂಟರ ಹುಡುಗಿಯರ ಜೊತೆ ಮೊದಲಿನಿಂದ ಓದಬೇಕು. ಮೂರು ವರ್ಷದ ಮೇಲೆ ಸಂಶೋಧನೆಯ ವಿಚಾರ. ನನಗೆ ಆಗ ಇಪ್ಪತ್ತೇಳು. ನಾನು ನಾಲ್ಕು ವರ್ಷ ಪದವಿಗೆ ಪಾಠ ಹೇಳಿದವಳು ಎಂದೆ. ಅವರು ಪಾಪ, ಯಾದಿ ತಾವು ಮಾಡಿದ್ದಲ್ಲ ಎಂದು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು.

ಹೊರಡುವಾಗ ಅವರಿಂದ ತಡೆಯಲಾಗಲಿಲ್ಲ, ಆ ಇನ್ನೊಂದು ಜಾಗದಲ್ಲೂ ಪ್ರಯತ್ನ ಮಾಡಿದ್ದೀರಾ ಎಂದು ಕೇಳಿದರು. ಮಾಡಿದ್ದೇನೆ ಎಂದೆ. ಅಲ್ಲಿ ನೆಲ ತೇವ, ನಿಮಗೆ ಹಿಡಿಸಲಿಕ್ಕಿಲ್ಲ ಎಂದರು.

ಮೂಡಣದ ಊರು

ನೆಲ ತೇವವಿತ್ತು ನಿಜ. ಹೊಳೆಯೊಂದು ಕಾಲೇಜುಗಳ ಬೆನ್ನಿಗೆ ಹತ್ತಿ ಸಾಗುತ್ತದೆ. ಇಲ್ಲಿ ನಾನು ಹುಲ್ಲಿನ ಸುತ್ತ ಸುತ್ತಿ ಹೋದೆ, ಕಲಿತ ಪಾಠ ಮರೆತಿರಲಿಲ್ಲ.

ನನ್ನನ್ನು ಕರೆದವರು ಮಿಸ್ ವಿಟ್ಲಾಕ್. ಐವತ್ತರ ಆಚೆಯವರು, ಚುರುಕು ಕಣ್ಣು, ಬೆರಳಿಗೆ ಮಸಿ. ಅವರಿಗೆ ನಾನು ಹಿಡಿಸಿದೆ ಎಂದು ಮೊದಲ ಹತ್ತು ನಿಮಿಷದಲ್ಲೇ ತಿಳಿಯಿತು. ಇಲ್ಲಿ ಮೂರು ವರ್ಷ ಬೇಕಿಲ್ಲ, ಒಂದು ವರ್ಷ ಪರೀಕ್ಷೆಗೆ ಓದಿದರೆ ಸಾಕು, ಆಮೇಲೆ ತಮ್ಮ ಕೈಕೆಳಗೆ ಸಂಶೋಧನೆ. ಆದರೆ ಮಣ್ಣಿನ ಲೆಕ್ಕವಲ್ಲ. ಅದನ್ನು ಇಲ್ಲಿ ಯಾರೂ ಮಾಡುವುದಿಲ್ಲ, ಅವರು ಮಾಡುವ ನಕ್ಷತ್ರಗಳ ಲೆಕ್ಕ ಮಾಡಬೇಕು. ಹೆಸರು ಸಿಗುತ್ತದೆ, ಹಲಗೆಯೂ ಸಿಗುತ್ತದೆ. ಎರೆಹೊಲವನ್ನು ಬಿಡಬೇಕು, ಅಷ್ಟೇ. ಅಷ್ಟೇ ಎಂದು ಬರೆದೆ, ಆ ರಾತ್ರಿಯಿಡೀ ಅದಕ್ಕೇ ನಿದ್ದೆ ಬರಲಿಲ್ಲ.

ಮರುದಿನ ರವಿವಾರ. ಎರಡೂ ಹಳೆಯ ವಿದ್ಯಾಪೀಠಗಳ ಗಣಿತದವರು ಕೆಲವರು ವರ್ಷಕ್ಕೊಮ್ಮೆ ಕೂಡಿ ಮಧ್ಯಾಹ್ನದ ಊಟ ಮಾಡುತ್ತಾರಂತೆ, ಮಿಸ್ ವಿಟ್ಲಾಕ್ ನನ್ನನ್ನೂ ಕರೆದರು. ಅವರೂ ಸೇರಿ ಮೂಡಣದವರು ಮೂವರು. ಪಡುವಣದವರು ಇಬ್ಬರು, ಅದರಲ್ಲಿ ಒಬ್ಬರು ಡಾಕ್ಟರ್ ಪಿಮ್. ನನ್ನನ್ನು ಕಂಡು ಅವರಿಗೆ ಸ್ವಲ್ಪ ಮುಜುಗರವಾಯಿತು.

ಕುಳಿತ ಕೂಡಲೇ ನಾನು ಮಾಡಿದ ತಪ್ಪನ್ನು ನಮ್ಮೂರಿನವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ತಟ್ಟೆಯ ಪಕ್ಕದಲ್ಲಿ ದೊಡ್ಡ ಬಿಳಿ ಬಟ್ಟೆ ಮಡಿಸಿ ಇಟ್ಟಿತ್ತು, ಮಡಿಲಿಗೆ ಹಾಸಿಕೊಳ್ಳುವ ನ್ಯಾಪ್ಕಿನ್ನು. ತಲೆಯಲ್ಲಿ ನಕ್ಷತ್ರ, ಮಣ್ಣು ಎಂದು ಜಗ್ಗಾಟ ನಡೆದಿತ್ತು. ಯೋಚನೆಯಲ್ಲಿದ್ದಾಗ ಅಪ್ಪ ಏನು ಮಾಡುತ್ತಾನೋ ಅದನ್ನೇ ನನ್ನ ಕೈ ಮಾಡಿತು: ಬಟ್ಟೆ ಝಾಡಿಸಿ ಎಡ ಹೆಗಲ ಮೇಲೆ ಹಾಕಿಕೊಂಡಿತು. ಮೇಜಿನವರು ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಮಿಸ್ ವಿಟ್ಲಾಕ್ ಮಾತ್ರ ಕುತೂಹಲದಿಂದ, ಅದು ನಿಮ್ಮ ಕಡೆಯ ರೂಢಿಯೇ ಎಂದು ಕೇಳಿದರು. ತೆಗೆದು ಮಡಿಲಿಗೆ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ನನಗೆ ಹಟ ಬಂತು. ಅದನ್ನು ಹಾಗೇ ಬಿಟ್ಟು ಅಪ್ಪನ ಕಸುಬನ್ನು ಹೇಳಿದೆ, ವಸ್ತ್ರದ ಕೆಳಗಿನ ಬೆರಳನ್ನೂ ಹೇಳಿದೆ. ಇಂಗ್ಲೆಂಡಿಗೆ ಬಂದ ಮೇಲೆ ಅಪ್ಪನ ಕಸುಬನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಹಗುರಾಯಿತು.

ನನ್ನ ಲೆಕ್ಕವನ್ನೂ ಕೇಳಿದರು. ಬ್ರೆಡ್ಡಿನ ತುಂಡು ತೆಗೆದು ಸೂಪಿನಲ್ಲಿ ಅದ್ದಿ, ನೆನೆದು ಉಬ್ಬುವ ಎರೆ ಇದು ಎಂದು ತೋರಿಸಿದೆ. ಅರ್ಧ ಗಂಟೆ ಐವರೂ ಸೂಪು ಆರಲು ಬಿಟ್ಟು ವಾದಿಸಿದರು, ಒಬ್ಬರು ಮೇಜುಬಟ್ಟೆಯ ಮೇಲೇ ಸಮೀಕರಣ ಬರೆದರು. ಎರಡು ಸಲ ಯಾರದೋ ಬಾಯಲ್ಲಿ ಗಿರಣಿ ಊರಿನ ಕ್ಲೆಗ್ ಅವರ ಹೆಸರು ಬಂತು. ಎರಡೂ ಸಲ ಹೇಳಿದವರೇ ಕೆಮ್ಮಿ ಮಾತು ಬದಲಿಸಿದರು.

ಮಾಂಸದ ತಟ್ಟೆಗಳು ಬಂದವು, ನನಗೆ ಬೇಯಿಸಿದ ಆಲೂಗಡ್ಡೆ ಬಂತು, ಜೊತೆಗೆ ಅವರ ಹಳೆಯ ಜಗಳವೂ ಬಂತು. ಡಾಕ್ಟರ್ ಪಿಮ್ ತಮ್ಮದು ನೂರು ವರ್ಷ ಹೆಚ್ಚು ಹಳೆಯದು ಎಂದರು. ಮೂಡಣದವರೊಬ್ಬರು, ಹಳೆಯದಾದರೆ ಹೆಚ್ಚೇ, ಹಾಗಾದರೆ ಹೊರಗಿನ ಕಲ್ಲಿನ ಗೋಡೆ ಎಲ್ಲರಿಗಿಂತ ಹೆಚ್ಚಿನ ಪಂಡಿತ ಎಂದರು. ದೇಶ ಆಳುವವರು ನಮ್ಮಲ್ಲಿ ತಯಾರಾಗುತ್ತಾರೆ ಎಂದು ಪಡುವಣದವರು, ಅದಕ್ಕೇ ಆಳುವವರಿಗೆ ಲೆಕ್ಕ ಬರುವುದಿಲ್ಲ ಎಂದು ಮೂಡಣದವರು. ಐವತ್ತು ಅರವತ್ತು ವಯಸ್ಸಿನ ಪಂಡಿತರು ಬೇವಿನ ಗಿಡದ ಕೆಳಗಿನ ಮಂದಿಯಾದರು. ನಡುವೆ ಡಾಕ್ಟರ್ ಪಿಮ್ ನನ್ನ ಕಡೆ ತಿರುಗಿ, "ನೀವು ಎರಡನ್ನೂ ನೋಡಿದ್ದೀರಿ, ಮುಚ್ಚುಮರೆಯಿಲ್ಲದೆ ಹೇಳಿ, ಯಾವುದು ಹೆಚ್ಚು?" ಎಂದರು.

ಎಲ್ಲರೂ ನನ್ನನ್ನೇ ನೋಡಿದರು. ನನ್ನ ಮುಂದಿನ ಬದುಕು ಆ ಮೇಜಿನ ಸುತ್ತಲೇ ಕುಳಿತಿತ್ತು. ಯಾರ ಹೆಸರು ಹೇಳಿದರೂ ಇನ್ನೊಬ್ಬರ ಬಾಗಿಲು ಮುಚ್ಚುತ್ತದೆ. ಆಗ ಹೆಗಲ ಮೇಲಿನ ಬಟ್ಟೆ ಕೈಗೆ ಬಂತು.

"ನಮ್ಮ ಕಡೆ ಇಂಥದ್ದನ್ನು ಬಾಯಲ್ಲಿ ಕೇಳುವುದಿಲ್ಲ" ಎಂದೆ. "ನಾನು ಕೇಳುತ್ತೇನೆ, ನೀವು ಬೆರಳಲ್ಲಿ ಹೇಳಿ. ನಿಮ್ಮ ಮಗಳೇ ಈ ಮಣ್ಣಿನ ಲೆಕ್ಕ ಹಿಡಿದು ಕುಳಿತಿದ್ದಾಳೆ ಎಂದುಕೊಳ್ಳಿ. ಅವಳನ್ನು ಎಲ್ಲಿಗೆ ಕಳಿಸುತ್ತೀರಿ? ಮೂಡಣಕ್ಕಾದರೆ ಒಂದು ಬೆರಳು, ಪಡುವಣಕ್ಕಾದರೆ ಎರಡು. ಗಿರಣಿ ಊರಿಗಾದರೆ ಮೂರು."

ಮೂರು ಎಂದಾಗ ಒಬ್ಬರು ನಕ್ಕರು. ಉಳಿದವರು ನಗಲಿಲ್ಲ.

ಎದ್ದು ನಿಂತು ಬಟ್ಟೆಯನ್ನು ಕೈಮೇಲೆ ಹರವಿದೆ. ಅಪ್ಪ ಮಣಿಕಟ್ಟು ಹಿಡಿದು ಹೊರಗೆ ತೆಗೆದ ಕೈ ಅದು. ಹದಿನೇಳು ವರ್ಷದ ಮೇಲೆ, ಏಳು ಸಮುದ್ರದ ಆಚೆ, ಆ ಕೈಯನ್ನು ನಾನೇ ಬಟ್ಟೆಯ ಕೆಳಗೆ ಇಟ್ಟೆ. ಒಬ್ಬೊಬ್ಬರ ಹತ್ತಿರ ಹೋದೆ. ಒಂದು ಕೈ ತಣ್ಣಗಿತ್ತು, ಒಂದು ಮುದಿ ಕೈ ಅದುರುತ್ತಿತ್ತು, ಒಂದು ತನ್ನ ಉತ್ತರ ಕೊಡುವ ಮೊದಲು ಬಹಳ ಹೊತ್ತು ಸುಮ್ಮನೆ ಇತ್ತು. ಬಾಯಲ್ಲಿ ಆಗಲೂ ಚೇಷ್ಟೆ ನಡೆದಿತ್ತು. ಕೈಗಳು ಚೇಷ್ಟೆ ಮಾಡಲಿಲ್ಲ.

ಐವರದೂ ಮುಗಿದ ಮೇಲೆ ಬಟ್ಟೆ ಮಡಿಸಿ ಕುಳಿತೆ. ಏನಾಯಿತು, ಏನಾಯಿತು ಎಂದು ಕೇಳಿದರು. ದಲಾಲರು ಹೇಳುವುದಿಲ್ಲ ಎಂದೆ. ಮೊದಲು ನಕ್ಕರು, ಆಮೇಲೆ ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡತೊಡಗಿದರು. ಸಿಹಿ ಬರುವ ಹೊತ್ತಿಗೆ ಯಾವುದು ಹೆಚ್ಚು ಎಂಬ ವಾದ ಪೂರ್ತಿ ನಿಂತುಹೋಗಿತ್ತು.

ಯಾರು ಎಷ್ಟು ಬೆರಳು ಅದುಮಿದರು ಎಂದು ನಾನು ಇಲ್ಲಿಯೂ ಬರೆಯುವುದಿಲ್ಲ. ಬೀಳ್ಕೊಡುವಾಗ ಮಿಸ್ ವಿಟ್ಲಾಕ್, ನಿಮಗಾಗಿ ಜಾಗ ಕಾದಿರಿಸಲೇ ಎಂದು ಕೇಳಿದರು. ಬೇಡ ಎಂದೆ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಕುಲುಕಿದರು. ಸೋಮವಾರ ಬೆಳಿಗ್ಗೆ ನಾನು ಪ್ರೊಫೆಸರ್ ಕ್ಲೆಗ್ ಅವರ ಬಾಗಿಲು ತಟ್ಟಿ, ಆ ಮೇಜು ಇನ್ನೂ ಖಾಲಿಯಿದೆಯೇ ಎಂದು ಕೇಳಿದೆ.

ಮತ್ತೆ ಗಿರಣಿ ಊರು

ಅಂದೇ ವಿಮಾನದ ಅಂಚೆಯ ಎರಡು ನೀಲಿ ಕಾಗದ ಬರೆದೆ. ಒಂದು ಕಾಲೇಜಿಗೆ: ನಾನು ಗಿರಣಿ ಊರಿನಲ್ಲೇ ಸಂಶೋಧನೆಗೆ ನಿಲ್ಲುತ್ತೇನೆ, ರಜೆ ಕೊಡಲಾಗದಿದ್ದರೆ ಇದನ್ನೇ ರಾಜೀನಾಮೆ ಎಂದು ತಿಳಿಯಬೇಕು. ಯಾಕೆ ಎಂದು ಬರೆಯಲಾಗಲಿಲ್ಲ. ಎರಡೂ ದೊಡ್ಡ ವಿದ್ಯಾಪೀಠದವರ ಬೆರಳು ನನ್ನ ಕೈಯಲ್ಲಿದ್ದವು, ಅದನ್ನು ಬರೆದಿದ್ದರೆ ಸಾವಕಾರರು ಮರುಮಾತಿಲ್ಲದೆ ಒಪ್ಪುತ್ತಿದ್ದರೋ ಏನೋ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಬರೆಯಲಿಲ್ಲ. ಎರಡನೆಯ ಕಾಗದ ಅಪ್ಪನಿಗೆ. ವಸ್ತ್ರ ಹಾಸಿ ಐದು ಮಂದಿಯ ಕೈ ಹಿಡಿದೆ, ಅವರು ಹೇಳಿದ್ದನ್ನು ಹೇಳಲಾರೆ, ನನ್ನ ನೌಕರಿ ಹೋಗಬಹುದು, ಸಿಟ್ಟಾಗಬೇಡ ಎಂದು ಬರೆದೆ.

ಐದು ವಾರ ಉತ್ತರವಿಲ್ಲ. ಧೈರ್ಯವಾಗಿದ್ದೆ ಎಂದು ಹೇಳುವುದು ಸುಳ್ಳು. ಹಗಲೆಲ್ಲ ಲೆಕ್ಕ ಮಾಡುತ್ತಿದ್ದೆ, ಅಂಚೆಯವನ ಸದ್ದು ಕೇಳಿದರೆ ಲೆಕ್ಕ ತಪ್ಪುತ್ತಿತ್ತು. ಮಿಸೆಸ್ ಹಾರ್ಟ್ಲಿ ದಿನಾ ಬೆಳಿಗ್ಗೆ ನನಗಿಂತ ಮೊದಲು ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಬಂದು, ಇವತ್ತಿನ ಬ್ರೆಡ್ಡು ಚೆನ್ನಾಗಿದೆ ಎನ್ನುತ್ತಿದ್ದಳು.

ಕೊನೆಗೆ ಅಪ್ಪನ ಕಾಗದ ಬಂತು. ಅಪ್ಪನಿಗೆ ಬರಹ ಬರುವುದಿಲ್ಲ, ಊರಿನ ಶಾಲೆಯ ಮಾಸ್ತರರು ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಇಳಿಸಿದ್ದರು.

"ನಿನ್ನ ಕಾಗದ ಮಾಸ್ತರ್ರು ಎರಡು ಸಲ ಓದಿ ಹೇಳ್ಯಾರ. ಸಾವಕಾರ್ರ ಅಡತಿಗೆ ಹೋಗಿದ್ನಿ. ಕಮಿಟಿಯವರು ಇಬ್ಬರು ಕುಂತಿದ್ರು. ಅವರ ಮುಂದ ಸಾವಕಾರ್ರು ಬಾಯಿಲೆ ಭಾಳ ಸಿಟ್ಟ ಮಾಡಿದ್ರು, ಗಿರಣಿ ಊರು ನಮಗ ಬ್ಯಾಡ ಅಂದ್ರು. ಅವರ ಎತ್ತು ಇಪ್ಪತ್ತು ವರ್ಸದಿಂದ ನಾನ ತಂದು ಕೊಟ್ಟೇನಿ. ವಸ್ತ್ರ ಹಾಸಿ ಕೈ ಕೇಳಿದ್ನಿ. ನನ್ನ ಮಗಳಿಗೆ ಎಷ್ಟು ವರ್ಸ ಬಿಡ್ತೀರಿ ಅಷ್ಟು ಬೆರಳು ಹಿಡೀರಿ ಅಂದ್ನಿ. ಹಿಡದ್ರು. ಎಷ್ಟು ಅಂತ ಬರಸಂಗಿಲ್ಲ. ನೀ ಮನಸಿಟ್ಟು ಕಲಿ. ಹೊಳಿ ದಂಡಿ ಹೊಲ ಬಿರಕ ಬಿಟ್ಟಾವ. ಕೋಲ ಇಳಿಬಿಟ್ಟು ನೋಡಿದ್ನಿ, ನನ್ನ ಮೊಣಕಾಲ ಮಟ ಹೋತು. ನಿನ್ನ ಲೆಕ್ಕಕ್ಕ ಬೇಕಾದೀತು ಅಂತ ಬರಸೇನಿ."

ಓದಿ ಅತ್ತೆ. ಮಿಸೆಸ್ ಹಾರ್ಟ್ಲಿ ಗಾಬರಿಯಾಗಿ ಯಾರು ತೀರಿಕೊಂಡರು ಎಂದು ಕೇಳಿದಳು. ಎರಡು ವಾರದ ಮೇಲೆ ಕಾಲೇಜಿನ ಕಾಗದ ಇಂಗ್ಲಿಷಿನಲ್ಲಿ ಬಂತು: ಕೆಲಸ ಮುಗಿಯುವವರೆಗೆ ರಜೆ ಮಂಜೂರಾಗಿದೆ. ವರ್ಷ ಎಷ್ಟು ಎಂದು ಅದರಲ್ಲಿ ಇರಲಿಲ್ಲ. ನನಗೆ ಮೂರು ವರ್ಷ ಹಿಡಿಯಿತು. ಪ್ರತಿ ಬೇಸಿಗೆಯಲ್ಲೂ ಅಪ್ಪನ ಕಾಗದದಲ್ಲಿ ಬಿರುಕಿನ ಆಳ, ಪ್ರತಿ ಮಳೆಗಾಲದಲ್ಲೂ ಹಸಿಯ ಆಳ ಬಂತು. ಕ್ಲೆಗ್ ಅವರು ಆ ಅಳತೆಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದರು.

ವಿಜಾಪುರ

ನಾನು ಮರಳಿ ಬಂದ ವಾರ ಕಾಲೇಜಿನಲ್ಲಿ ಸತ್ಕಾರ ಇಟ್ಟರು. ಹಲಗೆಗೆ ಹೊಸ ಬಣ್ಣ ಬಳಿದಿತ್ತು. ನನ್ನ ಹೆಸರು ಮೇಲಿನಿಂದ ಎರಡನೆಯದು, ಪಕ್ಕದಲ್ಲಿ ಗಿರಣಿ ಊರು. ಯಾರೂ ನಗಲಿಲ್ಲ. ಸಾವಕಾರರು ಭಾಷಣದಲ್ಲಿ, ಆ ಎರಡು ಹಳೆಯ ವಿದ್ಯಾಪೀಠಗಳದ್ದು ಬರೀ ಹೆಸರು, ವಿದ್ಯೆ ಇರುವುದು ಗಿರಣಿ ಊರಿನಲ್ಲಿ, ಇದನ್ನು ತಾವು ಮೊದಲಿನಿಂದಲೂ ಹೇಳುತ್ತ ಬಂದಿದ್ದೇವೆ ಎಂದರು. ಕಮಿಟಿಯವರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಅಪ್ಪ ಕುಳಿತಿದ್ದ. ಎತ್ತು ಕೊಂಡವನು ಆಮೇಲೆ ಅದನ್ನು ಹೊಗಳುವಾಗ ಅವನು ಹೇಗೆ ಬೇರೆ ಕಡೆ ನೋಡುತ್ತಾನೋ ಹಾಗೆಯೇ ಕಿಟಕಿಯ ಹೊರಗೆ ನೋಡುತ್ತಿದ್ದ.

ಮುಗಿದ ಮೇಲೆ ಇಬ್ಬರೂ ಬಬಲೇಶ್ವರದ ಬಸ್ಸಿಗೆ ನಿಂತೆವು. ಮೂರು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದೆ.

"ಯಪ್ಪಾ, ಅವತ್ತು ಸಾವಕಾರ್ರು ಎಷ್ಟು ಬೆರಳು ಹಿಡದ್ರು?"

ಅಪ್ಪ ನನ್ನ ಕಡೆ ನೋಡದೆ ಕೇಳಿದ. "ನಿನಗ ಆ ಐದು ಮಂದಿ ಎಷ್ಟೆಷ್ಟು ಹಿಡದ್ರು, ಹೇಳು ನೋಡೂಣು."

ನಾನು ಬಾಯಿ ತೆರೆದೆ, ಮುಚ್ಚಿದೆ. ಬಸ್ಸು ಬಂತು, ಜನ ನುಗ್ಗಿದರು, ನಾವು ಅವರ ಹಿಂದೆ ನಿಂತೆವು.

"ಹಾಂ. ಈಗ ಆದಿ ನೋಡು ದಲಾಲ" ಎಂದ. ಆಮೇಲೆ, ರವಿವಾರ ಬಬಲೇಶ್ವರದ ಸಂತೆಗೆ ನೀನೂ ಬಾ, ತಿಕೋಟೆಯವರು ಒಂದು ಜೋಡಿ ತರುತ್ತಾರೆ, ನನಗೀಗ ಬೆರಳಿಗೆ ಸಂಧಿನೋವು, ಕೈ ಹಿಡಿಯಲು ಒಬ್ಬರು ಬೇಕು ಎಂದು ಹೇಳುತ್ತ ಹೆಗಲ ವಸ್ತ್ರ ತೆಗೆದು ನನ್ನ ಹೆಗಲಿಗೆ ಹಾಕಿ ಬಸ್ಸು ಹತ್ತಿದ.